ಗುಡಿಯ ನೆರೆಹೊರೆ

ಮಂಡ್ಯದಿಂದ ನಾಗಮಂಗಲದ ಕಡೆಗೆ ಸುಮಾರು 25 ಕಿಲೋಮೀಟರು ಸಾಗಿದರೆ ಬಸರಾಳು ಎಂಬ ಊರು ಸಿಗುತ್ತದೆ. ಅದು ಹೋಬಳಿಯ ಕೇಂದ್ರ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ತಮ್ಮ ತಮ್ಮ ಕೆಲಸದ ಮೇಲೆ ಬರುವವರು: ಪಹಣಿಗಾಗಿ ಬರುವ ರೈತರು, ಶಾಲೆಗೆ ಬರುವ ಮಕ್ಕಳು, ಅಂಗಡಿ ಬೀದಿಯಲ್ಲಿ ವ್ಯಾಪಾರ ಮುಗಿಸಿ ಹೊತ್ತು ಮುಳುಗುವ ಮೊದಲು ಮನೆ ಸೇರಬೇಕೆನ್ನುವವರು. ಅವರ ನಡುವೆ ಒಮ್ಮೊಮ್ಮೆ ದೂರದ ಊರಿನ ಒಬ್ಬಿಬ್ಬರು ಬಸ್ಸಿನಿಂದಿಳಿದು ಮಲ್ಲಿಕಾರ್ಜುನನ ಗುಡಿಗೆ ದಾರಿ ಯಾವುದೆಂದು ಕೇಳುತ್ತಾರೆ. ಊರಿನವರು ಕೈ ಚಾಚಿ ದಾರಿ ತೋರಿಸುತ್ತಾರೆ. ತೋರಿಸುವವರ ಮುಖದಲ್ಲಿ ಹೆಮ್ಮೆಯೂ ಇರುತ್ತದೆ, ಆಶ್ಚರ್ಯವೂ ಇರುತ್ತದೆ. ದಿನವೂ ಕಾಣುವ ಕಲ್ಲನ್ನು ಕಾಣಲು ಇಷ್ಟು ದೂರದಿಂದ ಬರುವವರೂ ಉಂಟೆ ಎಂಬ ಆಶ್ಚರ್ಯ ಅದು.

ಆ ಕಲ್ಲಿನ ವಯಸ್ಸು ಚಿಕ್ಕದಲ್ಲ. ಹೊಯ್ಸಳ ದೊರೆ ಎರಡನೆಯ ವೀರನರಸಿಂಹನ ಕಾಲದಲ್ಲಿ, 1234ರ ಸುಮಾರಿಗೆ, ಹರಿಹರ ದಣ್ಣಾಯಕನೆಂಬ ಅಧಿಕಾರಿ ಈ ದೇವಾಲಯವನ್ನು ಕಟ್ಟಿಸಿದನು. ಇದು ತ್ರಿಕೂಟ, ಎಂದರೆ ಮೂರು ಗರ್ಭಗುಡಿಗಳುಳ್ಳದ್ದು. ಆದರೆ ನಡುವಿನ ಗರ್ಭಗುಡಿಗೆ ಮಾತ್ರವೇ ಗೋಪುರವಿದೆ. ಮೂರನ್ನೂ ಒಂದೇ ನವರಂಗವು ಕೂಡಿಸುತ್ತದೆ. ನವರಂಗದಲ್ಲಿ ನಿಂತಿರುವ ತಿರುಗಣೆ ಕಂಬಗಳ ನುಣುಪು, ಮೇಲೆ ಭುವನೇಶ್ವರಿಯ ಕುಸುರಿ ಕೆಲಸ, ಹೊರಗೆ ಗೋಡೆಯ ಉದ್ದಕ್ಕೂ ಸಾಲುಗೊಂಡ ದೇವತಾಮೂರ್ತಿಗಳು, ಇವೆಲ್ಲವೂ ಹೊಯ್ಸಳ ಶಿಲ್ಪಿಗಳ ಕೈಗುರುತುಗಳು. ಹದಿನಾರು ತೋಳುಗಳ ಶಿವನು ಅಂಧಕಾಸುರನ ತಲೆಯ ಮೇಲೆ ಕುಣಿಯುತ್ತಿದ್ದಾನೆ. ಇಪ್ಪತ್ತೆರಡು ತೋಳುಗಳ ದುರ್ಗೆ ಇದ್ದಾಳೆ. ರಾವಣನು ಕೈಲಾಸವನ್ನು ಎತ್ತುತ್ತಿದ್ದಾನೆ. ಅರ್ಜುನನು ಮತ್ಸ್ಯಯಂತ್ರವನ್ನು ಭೇದಿಸಿದ್ದೇ ತಡ, ದ್ರೌಪದಿಯು ಹೂಮಾಲೆ ಹಿಡಿದು ಅವಸರದಿಂದ ಬರುತ್ತಿದ್ದಾಳೆ. ಸುಮಾರು ಎಂಟುನೂರು ವರ್ಷಗಳಾದರೂ ಅವಳ ಅವಸರ ಇನ್ನೂ ತಗ್ಗಿಲ್ಲ.

ಇಂಥ ಸೂಕ್ಷ್ಮವಾದ ಕೆತ್ತನೆಗೆ ಒದಗಿಬಂದದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೆತುವಾಗಿರುತ್ತದೆ. ಉಳಿಯ ಮಾತನ್ನು ಕೇಳುತ್ತದೆ. ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದಂತೆ ಗಟ್ಟಿಯಾಗುತ್ತದೆ. ಆದರೆ ಎಷ್ಟು ಗಟ್ಟಿಯಾದರೂ ಅದಕ್ಕೆ ಶತ್ರುಗಳು ಉಂಟು. ಮಾಡಿನ ಸಂದಿನಲ್ಲಿ ಬಿದ್ದ ಅರಳಿಯ ಬೀಜವೊಂದು ಮೊಳೆತು, ಬೇರಿಳಿಸಿ, ಆನೆಯಿಂದಲೂ ಅಲುಗದ ಬಂಡೆಗಳನ್ನು ಬೇರ್ಪಡಿಸಬಲ್ಲುದು. ಸೋರಿದ ಮಳೆಯ ನೀರು ಒಳಗೊಳಗೇ ಇಳಿದು ತಳಪಾಯವನ್ನು ಸಡಿಲಿಸಬಲ್ಲುದು. ಶತ್ರುವಿಗಿಂತಲೂ ಕೆಲವೊಮ್ಮೆ ಭಕ್ತನೇ ಹೆಚ್ಚು ಹಾನಿ ಮಾಡುವುದುಂಟು. ಹಬ್ಬದ ಸಂಭ್ರಮದಲ್ಲಿ ಹಚ್ಚಿದ ಸುಣ್ಣ, ಮೂರ್ತಿಗೆ ಸುರಿದ ಎಣ್ಣೆ, ಒಳ್ಳೆಯ ಮನಸ್ಸಿನಿಂದಲೇ ಬಿರುಕಿಗೆ ಮೆತ್ತಿದ ಸಿಮೆಂಟು, ಇವು ಕಲ್ಲಿನ ಉಸಿರನ್ನು ಕಟ್ಟುತ್ತವೆ. ಹಿಂದಿನವರು ಬಳಸುತ್ತಿದ್ದ ಗಾರೆ ತೇವವನ್ನು ಹೀರಿ ಹೊರಕ್ಕೆ ಬಿಡುತ್ತಿತ್ತು. ಸಿಮೆಂಟು ಹಾಗಲ್ಲ, ತೇವವನ್ನು ಒಳಗೇ ಹಿಡಿದಿಟ್ಟು ಪಕ್ಕದ ಕಲ್ಲನ್ನು ಸವೆಯಿಸುತ್ತದೆ.

ಹಾಗಾದರೆ ಇಷ್ಟು ಶತಮಾನಗಳ ಕಾಲ ಈ ಗುಡಿ ಉಳಿದುಬಂದದ್ದು ಹೇಗೆ? ಹೊಯ್ಸಳರು ಹೋದರು, ವಿಜಯನಗರ ಬಂದು ಹೋಯಿತು, ಮೈಸೂರಿನ ಅರಸರು ಬಂದರು. ಕಟ್ಟಿಸಿದವನ ವಂಶದವರು ಎಲ್ಲಿಗೆ ಹೋದರೋ ಯಾರೂ ಬಲ್ಲವರಿಲ್ಲ. ಉಳಿದವರು ಊರಿನವರು. ಅವರು ದೀಪ ಹಚ್ಚಿದರು, ಅಂಗಳ ಗುಡಿಸಿದರು, ಜಗಲಿಯ ಮೇಲೆ ಕುಳಿತು ನ್ಯಾಯ ಮಾತನಾಡಿದರು, ಮಳೆ ಬಂದಾಗ ಒಳಗೆ ನಿಂತರು. ಬಳಕೆಯೇ ಅದರ ಕಾವಲಾಗಿತ್ತು. ಕಾಯುತ್ತಿದ್ದೇವೆಂಬ ಅರಿವೂ ಇಲ್ಲದೆ ಅವರು ಅದನ್ನು ಕಾಯ್ದರು.

ಕಾಲ ಬದಲಾಯಿತು. ಹಳೆಯ ಕಲ್ಲಿಗೆ ಬೆಲೆ ಕಟ್ಟುವ ಪೇಟೆಗಳು ಹುಟ್ಟಿದವು. ವಿಗ್ರಹಗಳನ್ನು ಕದ್ದು ಕಡಲಾಚೆಗೆ ಸಾಗಿಸುವವರು ಹುಟ್ಟಿಕೊಂಡರು. ಬಂಡೆ ಸಿಡಿಸುವ ಮದ್ದು, ಮನೆಯ ಮೇಲೆ ಮನೆ ಏರಿಸುವ ಕಾಂಕ್ರೀಟು ಹಳ್ಳಿಗಳಿಗೂ ಬಂದವು. ಆಗ ಬಳಕೆಯ ಕಾವಲೊಂದೇ ಸಾಲದಾಯಿತು. 1904ರಲ್ಲಿ ಪುರಾತನ ಸ್ಮಾರಕಗಳ ರಕ್ಷಣೆಗಾಗಿ ಬ್ರಿಟಿಷ್ ಸರ್ಕಾರವು ಒಂದು ಕಾಯಿದೆಯನ್ನು ತಂದಿತು. ಸ್ವತಂತ್ರ ಭಾರತದಲ್ಲಿ 1958ರ ಕಾಯಿದೆ ಬಂದಿತು. ರಾಜ್ಯದ ರಕ್ಷಣೆಗೆ ಒಳಪಡುವ ಸ್ಮಾರಕಗಳಿಗಾಗಿ 1961ರಲ್ಲಿ ರಾಜ್ಯವೇ ಒಂದು ಕಾಯಿದೆಯನ್ನು ಮಾಡಿತು. ದೇಶದಲ್ಲಿ ಮೂರೂವರೆ ಸಾವಿರಕ್ಕೂ ಮಿಕ್ಕ ಸ್ಮಾರಕಗಳು ಇಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಬಸರಾಳಿನ ಮಲ್ಲಿಕಾರ್ಜುನನ ಗುಡಿಯೂ ಅವುಗಳಲ್ಲಿ ಒಂದು. ಇಂಥ ಸ್ಮಾರಕಗಳ ಬಳಿ ನಿಲ್ಲಿಸಿರುವ ನೀಲಿ ಫಲಕವು, ಇದು ರಾಷ್ಟ್ರೀಯ ಮಹತ್ತ್ವದ ಸ್ಮಾರಕವೆಂದೂ ಇದನ್ನು ಕೆಡಿಸುವುದು ಶಿಕ್ಷಾರ್ಹ ಅಪರಾಧವೆಂದೂ ನೋಡಿದವರಿಗೆಲ್ಲ ಸಾರುತ್ತದೆ. 2010ರ ತಿದ್ದುಪಡಿಯಾದ ಮೇಲೆ ಆ ಶಿಕ್ಷೆ ಎರಡು ವರ್ಷಗಳ ಸೆರೆವಾಸದವರೆಗೂ ಹೋಗಬಹುದು.

ಹಳೆಯದನ್ನು ಉಳಿಸಿಕೊಳ್ಳಲು ಮನುಷ್ಯನಿಗೆ ಎರಡು ದಾರಿಗಳಿವೆ. ಒಂದು, ಅಪಾಯದ ಸ್ಥಳದಿಂದ ಅದನ್ನು ಎತ್ತಿ ಸುರಕ್ಷಿತವಾದ ಬೇರೆಡೆಗೆ ಒಯ್ಯುವುದು. ಇನ್ನೊಂದು, ಅದು ಇರುವಲ್ಲಿಯೇ ಅದನ್ನು ಕಾಯುವುದು. ಮಂಡ್ಯ ಜಿಲ್ಲೆಯು ಮೊದಲನೆಯ ದಾರಿಯನ್ನು ಮೂರು ಬಾರಿಯಾದರೂ ಕಂಡಿದೆ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲಿತ್ತು. ಅದು ಕಾಳಿ ಎಂಬ ಬೇಟೆನಾಯಿಯ ಸ್ಮಾರಕ, ಕ್ರಿ.ಶ. 949-50ರದು. ಚೋಳರೊಡನೆ ನಡೆದ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನು ತನ್ನ ಒಡೆಯನಾದ ಗಂಗರ ಬೂತುಗನಿಂದ ಮೆಚ್ಚುಗೆಯ ಕೊಡುಗೆಯಾಗಿ ಬೇಡಿದ್ದು ಈ ನಾಯಿಯನ್ನು. ಮುಂದೆ ಕಾಳಿಯು ದೊಡ್ಡದೊಂದು ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರನು ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿ ಬಿಟ್ಟನು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದು ಆ ಕಲ್ಲಿನ ಮೇಲೆಯೇ ಕೆತ್ತಿಸಿದನು. ಇದೂ ಒಂದು ಬಗೆಯ ರಕ್ಷಣಾ ಶಾಸನವೇ ಸರಿ. ಆದರೆ ಅದರಲ್ಲಿ ಒಂದು ವಿಶೇಷವಿದೆ. ಕಾಯಬೇಕಾದವನಿಗೆ ಭೂಮಿಯೂ ಉಂಟು, ಕಾಯದಿದ್ದರೆ ಪಾಪವೂ ಉಂಟು. ಹಕ್ಕು ಮತ್ತು ಹೊಣೆಗಳು ಒಂದೇ ಕಲ್ಲಿನ ಮೇಲೆ ಕುಳಿತಿವೆ. ಇಂದು ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಳೆಗೆ ತೋಯದೆ, ಬಿಸಿಲಿಗೆ ಬಾಡದೆ, ವಿದ್ವಾಂಸರ ಕಣ್ಣಿಗೆ ಬೀಳುತ್ತ ಸುರಕ್ಷಿತವಾಗಿದೆ. ಆದರೆ ಕಾಳಿಯ ಕಲ್ಲಿನ ಬಳಿಯಲ್ಲಿ ಈಗ ಆತಕೂರು ಇಲ್ಲ. ಆತಕೂರಿನಲ್ಲಿ ಕಾಳಿಯ ಕಲ್ಲು ಇಲ್ಲ.

ಎರಡನೆಯದು ಕನ್ನಂಬಾಡಿಯ ವೇಣುಗೋಪಾಲಸ್ವಾಮಿಯ ಗುಡಿ. 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಆರಂಭವಾದ ಮೇಲೆ ಹಳೆಯ ಊರು ನೀರಿನ ಪಾಲಾಯಿತು. ಹೊಯ್ಸಳರ ಕಾಲದ ಗುಡಿಯೂ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಮಾತ್ರ ಅದು ನೀರಿನಿಂದ ತಲೆಯೆತ್ತುತ್ತಿತ್ತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು, ಹಿನ್ನೀರಿನ ದಡದಲ್ಲಿ ಹೊಸ ಕನ್ನಂಬಾಡಿಯ ಬಳಿ ಗುಡಿಯನ್ನು ಮತ್ತೆ ಕಟ್ಟಿದರು. ಮೂರನೆಯದು ಶ್ರೀರಂಗಪಟ್ಟಣದಲ್ಲಿರುವ ಟಿಪ್ಪು ಸುಲ್ತಾನನ ಕಾಲದ ಮದ್ದಿನ ಮನೆ. ಜೋಡಿ ರೈಲು ಹಳಿಗೆ ಅದು ಅಡ್ಡವಾಗಿತ್ತು. 2017ರಲ್ಲಿ ಒಂದು ಇಟ್ಟಿಗೆಯನ್ನೂ ಬಿಚ್ಚದೆ, ಇಡೀ ಕಟ್ಟಡವನ್ನು ಜಾಕುಗಳ ಮೇಲೆ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ನಿಲ್ಲಿಸಲಾಯಿತು. ಅಮೆರಿಕದಿಂದ ಬಂದ ನಿಪುಣರು ಈ ಕೆಲಸದಲ್ಲಿ ಕೈಜೋಡಿಸಿದ್ದರು.

ಈ ಮೂರೂ ಸಾಹಸದ ಕೆಲಸಗಳು. ಆಗ ಬೇರೆ ದಾರಿಯೂ ಇರಲಿಲ್ಲವೆಂದು ಒಪ್ಪಬಹುದು. ಆದರೂ ಇರುವಲ್ಲಿಯೇ ಕಾಯುವುದು ಇವುಗಳಿಗಿಂತ ಕಷ್ಟವಾದದ್ದು. ಸಾಗಿಸಿದ ಕಲ್ಲಿಗೆ ನೆರೆಹೊರೆಯಿಲ್ಲ. ಊರಿನ ನಡುವೆ ಉಳಿದ ಕಲ್ಲಿಗೆ ನೆರೆಹೊರೆಯುಂಟು. ನೆರೆಹೊರೆಯವರಿಗೆ ಮನೆಗಳಿವೆ, ಮಕ್ಕಳಿದ್ದಾರೆ, ನಾಳೆಯ ಚಿಂತೆಯಿದೆ.

ಕಾಯಿದೆಯು ರಕ್ಷಿತ ಸ್ಮಾರಕದ ಎಲ್ಲೆಯಿಂದ ಸುತ್ತಲೂ ನೂರು ಮೀಟರುಗಳ ಒಂದು ಗೆರೆಯನ್ನು ಎಳೆದಿದೆ. ಅದು ನಿಷೇಧಿತ ಪ್ರದೇಶ. ಅಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆಗೆ ಮತ್ತೆ ಇನ್ನೂರು ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಈ ಗೆರೆಗಳನ್ನು ಮೊದಲು ಸಾರಿದ್ದು 1992ರ ಜೂನ್ 16ರ ಅಧಿಸೂಚನೆ. ಅವುಗಳಿಗೆ ಕಾಯಿದೆಯ ಬಲ ಬಂದದ್ದು 2010ರಲ್ಲಿ. ನಿಷೇಧಿತ ಪ್ರದೇಶದಲ್ಲಿ ಆ ದಿನಕ್ಕಿಂತ ಮೊದಲೇ ಇದ್ದ ಮನೆಯನ್ನು ದುರಸ್ತಿ ಮಾಡಿಸಬೇಕಾದರೂ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು.

ಇಂಥ ಗೆರೆಯೊಳಗಿನ ಮನೆಯೊಂದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ನಾಡಹೆಂಚಿನ ಮಾಡು, ಮಣ್ಣಿನ ಗೋಡೆ, ಮುಂದೆ ಜಗಲಿ. ಮಗನಿಗೆ ಮದುವೆಯಾಗಿದೆ, ಒಂದು ಕೋಣೆ ಹೆಚ್ಚಾಗಿ ಬೇಕಾಗಿದೆ. ಪಕ್ಕದ ಬೀದಿಯಲ್ಲಿ ಮಹಡಿ ಮನೆಗಳು ಏಳುತ್ತಿವೆ. ಈ ಮನೆಯವರು ಮಾತ್ರ ಸೋರುವ ಹೆಂಚಿನ ಕೆಳಗೆ ಬೋಗುಣಿ ಇಟ್ಟುಕೊಂಡು, ಅರ್ಜಿಯ ಉತ್ತರಕ್ಕಾಗಿ ಕಾಯುತ್ತಿದ್ದಾರೆ. ಜಗಲಿಯ ಮೇಲೆ ತಾತ ಕುಳಿತಿದ್ದಾನೆ. ಶಾಲೆಯಿಂದ ಬಂದ ಮೊಮ್ಮಗಳು ಪುಸ್ತಕದ ಚೀಲ ಇಳಿಸಿ ಕೇಳುತ್ತಾಳೆ:

“ತಾತ, ನಮ್ಮನೆ ಮೊದ್ಲಾ, ಗುಡಿ ಮೊದ್ಲಾ?”

“ಗುಡೀನೇ ಮೊದ್ಲು ಕಣವ್ವ.”

“ಹಂಗಾದ್ರೆ ಅದ್ರ ಪಕ್ಕಕ್ಕೆ ಬಂದೋರು ನಾವೇ. ನಾವೇ ದೂರ ಹೋಗ್ಬೇಕಲ್ವಾ?”

ತಾತ ಸ್ವಲ್ಪ ಹೊತ್ತು ಗೋಪುರದ ಕಡೆಗೆ ನೋಡುತ್ತಾನೆ. “ಬಂದೋರು ನಾವೇ, ದಿಟ. ಆದ್ರೆ ಬೋರ್ಡು ನೆಡೋಗಂಟ ಕಾಯ್ದೋರು ಯಾರವ್ವ? ನಾವೇ ಅಲ್ವಾ?”

ಆ ಪ್ರಶ್ನೆಗೆ ಕಾಯಿದೆಯ ಪುಸ್ತಕದಲ್ಲಿ ಉತ್ತರವಿಲ್ಲ. ಹಾಗೆಂದು ಕಾಯಿದೆಯು ತಪ್ಪೆಂದೂ ಹೇಳಲಾಗದು. ಆ ನೂರು ಮೀಟರಿನ ಗೆರೆಯಿಲ್ಲದಿದ್ದರೆ ಇಂದು ಒಂದು ಮಹಡಿ, ನಾಳೆ ಎರಡು ಮಹಡಿ ಎದ್ದು, ಗುಡಿಯು ಗೋಡೆಗಳ ನಡುವಿನ ಬಾವಿಯಂತಾಗುತ್ತಿತ್ತು. ತಳಪಾಯಕ್ಕೆಂದು ತೋಡಿದ ಗುಂಡಿಗಳೂ ಬಚ್ಚಲಿನ ನೀರೂ ಅದರ ಬುಡವನ್ನು ಮುಟ್ಟುತ್ತಿದ್ದವು. ಒಂದು ಮನೆಯ ಕೋಣೆ ಒಂದು ತಲೆಮಾರಿನ ಅಗತ್ಯ. ಗುಡಿ ಮೂವತ್ತು ತಲೆಮಾರುಗಳ ಆಸ್ತಿ. ಕಾಯಿದೆಯ ಮಾತಿನಲ್ಲಿ ನ್ಯಾಯವಿದೆ, ತಾತನ ಮಾತಿನಲ್ಲಿಯೂ ನ್ಯಾಯವಿದೆ. ಎರಡು ನ್ಯಾಯಗಳು ಎದುರುಬದುರು ನಿಂತಾಗ ಒಂದನ್ನು ಸುಳ್ಳೆನ್ನುವುದು ಸುಲಭ. ಎರಡನ್ನೂ ಕೂಡಿಸುವುದೇ ವಿವೇಕ.

ಬೇರೆ ದೇಶಗಳವರು ಈ ಗಂಟನ್ನು ಬೇರೆ ಬೇರೆ ಬಗೆಯಲ್ಲಿ ಬಿಡಿಸಲು ನೋಡಿದ್ದಾರೆ. ಅಮೆರಿಕದ ಹಳ್ಳಿಗಾಡಿನಲ್ಲಿ ಎಂಟುನೂರು ವರ್ಷಗಳ ಗುಡಿಗಳನ್ನು ಕಾಣಲಾಗದು. ಅಲ್ಲಿಯವರು ಪಟ್ಟಿ ಮಾಡಿಟ್ಟುಕೊಂಡಿರುವುದು ಮರದ ಕಣಜಗಳನ್ನು, ಇಟ್ಟಿಗೆಯ ನ್ಯಾಯಾಲಯಗಳನ್ನು, ಒಂದೇ ಕೋಣೆಯ ಶಾಲೆಗಳನ್ನು, ಹಳೆಯ ಸೇತುವೆಗಳನ್ನು. 1966ರಲ್ಲಿ ಮಾಡಿದ ಕಾಯಿದೆಯ ಪ್ರಕಾರ ಅಲ್ಲಿ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯೊಂದಿದೆ. ಸಾಮಾನ್ಯವಾಗಿ ಐವತ್ತು ವರ್ಷ ತುಂಬಿದ ಕಟ್ಟಡವೂ ಅದರಲ್ಲಿ ಸೇರಬಹುದು. ಆದಾಯ ತರುವ ಹಳೆಯ ಕಟ್ಟಡವನ್ನು ಅದರ ರೂಪ ಕೆಡದಂತೆ ದುರಸ್ತಿ ಮಾಡಿಸಿದರೆ, ಖರ್ಚಿನ ಐದನೆಯ ಒಂದು ಭಾಗದಷ್ಟನ್ನು ಒಡೆಯನು ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಕಾಯುವವನಿಗೆ ಸ್ವಲ್ಪ ನೆರವು ಸಿಗಬೇಕೆಂಬ ಮಾತು ಅಲ್ಲಿದೆ. ಮಣಲೇರನು ಗೊರವನಿಗೆ ಭೂಮಿ ಬಿಟ್ಟಂತೆಯೇ. ಆದರೆ ಆ ಏರ್ಪಾಡಿಗೂ ಕೊರತೆಯುಂಟು. ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ಕೇಂದ್ರ ಸರ್ಕಾರವು ಖಾಸಗಿ ಒಡೆಯನ ಕೈ ಹಿಡಿಯುವುದಿಲ್ಲ. ತನ್ನ ಹಣದಿಂದ ತನ್ನ ಕಣಜವನ್ನು ಕೆಡವುತ್ತೇನೆಂದು ಅವನು ಹೊರಟರೆ, ಆ ಪಟ್ಟಿಯು ಕೇವಲ ಒಂದು ಹಾಳೆಯಾಗಿ ಉಳಿಯುತ್ತದೆ. ಅಲ್ಲಿ ಕಾಯಿದೆ ಮೃದು, ನೆರವು ಉಂಟು. ಇಲ್ಲಿ ಕಾಯಿದೆ ಬಿರುಸು, ನೆರೆಯವನಿಗೆ ನೆರವು ವಿರಳ.

ಕಾಯಿದೆಯು ಬಿರುಸಾಗಿದ್ದ ಮಾತ್ರಕ್ಕೆ ಸ್ಮಾರಕ ಉಳಿಯುತ್ತದೆಯೆ? 2022ರಲ್ಲಿ ಸಂಸತ್ತಿನ ಒಂದು ಸಮಿತಿಯ ಮುಂದೆ ಕೇಂದ್ರ ಸರ್ಕಾರವು ಒಂದು ಲೆಕ್ಕವನ್ನಿಟ್ಟಿತು. ದೇಶದ ರಕ್ಷಿತ ಸ್ಮಾರಕಗಳಲ್ಲಿ 50 ಕಾಣೆಯಾಗಿದ್ದವು. ಅವುಗಳಲ್ಲಿ 14 ಬೆಳೆಯುವ ನಗರಗಳಲ್ಲಿ ಕರಗಿಹೋಗಿದ್ದವು. 12 ಜಲಾಶಯಗಳಲ್ಲಿ ಮುಳುಗಿದ್ದವು. ಉಳಿದ 24 ಎಲ್ಲಿವೆಯೆಂಬುದೇ ತಿಳಿದಿರಲಿಲ್ಲ. ಮುಳುಗಿದ್ದಕ್ಕೆ ಕಾರಣ ಹೇಳಬಹುದು. ಆದರೆ ಪಟ್ಟಿಯಲ್ಲಿ ಹೆಸರಿದ್ದೂ, ಅದರ ಹಿಂದೆ ಸರ್ಕಾರದ ಬಲವಿದ್ದೂ, 24 ಸ್ಮಾರಕಗಳು ಇದ್ದ ಜಾಗವೇ ತಿಳಿಯದಂತೆ ಮಾಯವಾದದ್ದು ಹೇಗೆ? ಅವುಗಳ ಬಳಿಯಲ್ಲಿ, “ಇದು ನಮ್ಮದು, ಇದು ನಿನ್ನೆ ಇತ್ತು, ಇಂದು ಕಾಣುತ್ತಿಲ್ಲ” ಎಂದು ಕೂಗುವ ನೆರೆಯವನು ಇರಲಿಲ್ಲವೆಂದೇ ತೋರುತ್ತದೆ. ಕಾವಲುಗಾರನಿಗೆ ಹೊತ್ತು ಗೊತ್ತುಗಳುಂಟು, ಅಧಿಕಾರಿಗೆ ವರ್ಗವುಂಟು. ಹೊತ್ತು ಗೊತ್ತಿಲ್ಲದೆ, ವರ್ಗವಿಲ್ಲದೆ, ತಲೆಮಾರಿನಿಂದ ತಲೆಮಾರಿಗೆ ಅಲ್ಲಿಯೇ ಉಳಿಯುವವನು ನೆರೆಯವನೊಬ್ಬನೇ. ಅವನ ಮನಸ್ಸು ಮುರಿದರೆ ಗುಡಿಯ ದೊಡ್ಡದೊಂದು ಕಂಬವೇ ಮುರಿದಂತೆ.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಕನ್ನಡಿಗರೆಲ್ಲರೂ ಹಿಗ್ಗಿದರು, ಹಿಗ್ಗಬೇಕಾದದ್ದೇ. ಬಸರಾಳು ಆ ಪಟ್ಟಿಯಲ್ಲಿಲ್ಲ. ಅದೇ ಜಿಲ್ಲೆಯ ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿಗಳ ಚೆಲುವಾದ ಗುಡಿಗಳೂ ಇಲ್ಲ. ಜಗತ್ತಿನ ಕಣ್ಣು ಬಿದ್ದ ಕಡೆಗೆ ಹಣ ಬರುತ್ತದೆ, ರಸ್ತೆ ಬರುತ್ತದೆ, ಪ್ರವಾಸಿಗರ ಸಾಲು ಬರುತ್ತದೆ. ಜಗತ್ತಿನ ಕಣ್ಣು ಬೀಳದ ಕಡೆ ಊರಿನ ಕಣ್ಣೇ ಗತಿ. ಆದ್ದರಿಂದ ಬಸರಾಳಿನಂಥ ಊರುಗಳ ಹೊಣೆ ಬೇಲೂರಿನದಕ್ಕಿಂತ ಕಿರಿದಲ್ಲ, ಹಿರಿದು.

ಆ ಹೊಣೆಯನ್ನು ಹೊರಲು ಊರಿಗೆ ಬಲ ಬೇಕು. ಗೆರೆಯೊಳಗಿನ ಬಡವನ ಅರ್ಜಿಗೆ ತಡವಿಲ್ಲದೆ ಉತ್ತರ ಸಿಗಬೇಕು. ಮನೆ ಬೆಳೆಯಲೇಬೇಕಾದವನಿಗೆ ಊರಿನ ಹೊರಗೆ ನಿವೇಶನ ದೊರೆಯಬೇಕು. ಗುಡಿಯ ಕೆಲಸಕ್ಕೆ ಕೂಲಿಯಾಳು ಬೇಕಾದಾಗ ಮೊದಲು ನೆರೆಯವರನ್ನು ಕರೆಯಬೇಕು. ನೋಡಲು ಬಂದವರಿಗೆ ಊರಿನ ಯುವಕರೇ ಕಥೆ ಹೇಳುವಂತಾಗಬೇಕು. ಗುಡಿಯಿಂದಾಗಿ ಕಳೆದುಕೊಂಡೆವೆನ್ನುವವರು, ಗುಡಿಯಿಂದಾಗಿ ಪಡೆದೆವೆಂದು ಹೇಳುವ ಕಾಲ ಬಂದರೆ, ನೀಲಿ ಫಲಕದ ಎಚ್ಚರಿಕೆಯನ್ನು ಯಾರೂ ಓದಬೇಕಾಗಿಲ್ಲ.

ಊರೂ ತನ್ನ ಪಾಲನ್ನು ಮರೆಯುವಂತಿಲ್ಲ. ದೇಶದ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು 1976ರಲ್ಲಿ ಸಂವಿಧಾನಕ್ಕೆ ಸೇರಿಸಲಾಯಿತು. ಈ ಕರ್ತವ್ಯಕ್ಕೆ ದೊಡ್ಡ ಸಾಹಸವೇನೂ ಬೇಡ. ಕಲ್ಲಿನ ಮೇಲೆ ಹೆಸರು ಗೀಚದಿರುವುದು, ಗೀಚುವವನ ಕೈ ತಡೆಯುವುದು, ಮಾಡಿನ ಮೇಲೆ ಅರಳಿಯ ಸಸಿ ಕಂಡರೆ ಅದು ಮರವಾಗುವ ಮೊದಲೇ ಕಾವಲುಗಾರನಿಗೆ ತಿಳಿಸುವುದು, ಹೊಲದ ಬದುವಿನಲ್ಲಿ ವೀರಗಲ್ಲು ಸಿಕ್ಕರೆ ಅದನ್ನು ಬಟ್ಟೆ ಒಗೆಯುವ ಕಲ್ಲಾಗಿ ಮಾಡಿಕೊಳ್ಳದಿರುವುದು, ಇಷ್ಟೇ ಸಾಕು. ಇಷ್ಟನ್ನು ಮಾಡುವ ಕಣ್ಣುಗಳು ಊರಿನಲ್ಲಿ ನೂರು ಇದ್ದರೆ, ಅವು ನೂರು ಕಾವಲುಗಾರರಿಗಿಂತ ಮೇಲು.

ಸಂಜೆಯಾಗುತ್ತದೆ. ದೂರದಿಂದ ಬಂದವರು ಚಿತ್ರ ತೆಗೆದುಕೊಂಡು ಬಸ್ಸು ಹತ್ತುತ್ತಾರೆ. ಹೆಂಚಿನ ಮನೆಯ ಜಗಲಿಯಿಂದ ಎದ್ದ ತಾತನೂ ಮೊಮ್ಮಗಳೂ ಗುಡಿಯನ್ನು ಒಂದು ಸುತ್ತು ಬರುತ್ತಾರೆ. ಹುಡುಗಿಯು ದ್ರೌಪದಿಯ ಮುಂದೆ ನಿಲ್ಲುತ್ತಾಳೆ. ಗೋಡೆಯ ಸಂದಿನಲ್ಲಿ ಬೆರಳುದ್ದ ಬೆಳೆದ ಹಸುರು ಸಸಿಯೊಂದನ್ನು ಕಂಡು ತಾತನ ಕೈ ಜಗ್ಗುತ್ತಾಳೆ. ತಾತ ಕಣ್ಣು ಕಿರಿದು ಮಾಡಿ ನೋಡುತ್ತಾನೆ. ಅರಳಿಯೇ ಹೌದು.

“ಕೀಳ್ಲಾ ತಾತ?”

“ಬ್ಯಾಡ ಕಣವ್ವ. ನೀ ಕಿತ್ತರೆ ಬೇರು ಒಳಗೇ ಉಳೀತದೆ. ನಡಿ, ಕಾವಲಿನೋರಿಗೆ ಹೇಳುವ.”

ಮನೆಯಲ್ಲಿ ಹೆಂಚು ಸೋರುತ್ತಲೇ ಇದೆ. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಆದರೂ ಇಬ್ಬರೂ ಕಾವಲುಗಾರನನ್ನು ಹುಡುಕಿಕೊಂಡು ಹೋಗುತ್ತಾರೆ.